ಮಹಾಸಭೆಯ ಮಾತು ಹಿಂದಿನ ಸಾಲಿಗೂ ಕೇಳಲಿ

ಸೆಪ್ಟೆಂಬರ್ ಬಂತೆಂದರೆ ಶಿಕಾರಿಪುರ, ಸೊರಬ ಕಡೆಯ ಸಂಘಗಳಲ್ಲಿ ವಾರ್ಷಿಕ ಮಹಾಸಭೆ. ಹೊರಗೆ ಮಳೆ, ಮೇಲೆ ತಗಡಿನ ಶೀಟು. ಕಾರ್ಯದರ್ಶಿ ಲೆಕ್ಕ ಓದುತ್ತಾರೆ, ಹಿಂದೆ ಕೂತ ನಿಮಗೆ ಕೇಳುವುದು ಮಳೆಯ ಸದ್ದು. ಬೋನಸ್ ಎಷ್ಟು, ಲಾಭ ಯಾವುದಕ್ಕೆ ಹೋಯಿತು ಎಂದು ತಿಳಿಯದೆಯೇ ಕೈ ಎತ್ತಿರುತ್ತೀರಿ.

ಬಯಲಿನಲ್ಲಿ 4 ಅಡಿ ದೂರಕ್ಕೆ ಕೇಳುವ ದನಿಯ ಬಲ 8 ಅಡಿಗೆ ಕಾಲು ಭಾಗವಾಗುತ್ತದೆ. ಮಳೆಯ ಸದ್ದಾದರೋ ಎಲ್ಲರ ತಲೆಯ ಮೇಲೂ ಒಂದೇ ಸಮ. ಕೂಗಿ ಗಂಟಲು ನೋಯಿಸಿಕೊಂಡು ಪ್ರಯೋಜನವಿಲ್ಲ. ಕಾರ್ಡ್‌ಲೆಸ್ ಮೈಕ್ ಬಾಯಿಯ ಹತ್ತಿರವೇ ದನಿ ಹಿಡಿದು, ರೇಡಿಯೊ ಅಲೆಯ ಮೂಲಕ ಸ್ಪೀಕರಿಗೆ ಕಳಿಸುತ್ತದೆ. ವೈರ್ ಇಲ್ಲದ್ದರಿಂದ ಕೈಯಿಂದ ಕೈಗೆ ದಾಟಿ ನಿಮ್ಮ ತನಕ ಬರುತ್ತದೆ. ವೇದಿಕೆಯ ಭಾಷಣ ಹೇಗೋ ನಡೆಯುತ್ತದೆ. ಫ್ಯಾಟ್ ಏಕೆ ಕಡಿಮೆ ಬಂತೆಂಬ ನಿಮ್ಮ ಪ್ರಶ್ನೆ ಎಲ್ಲರಿಗೂ ಕೇಳಬೇಕಲ್ಲ!

ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿಯಿರಿ. ಅದರ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಬೇಡಿ. ಸ್ಪೀಕರ್ ಎದುರು ಹೋದರೆ ಅದರ ಸದ್ದೇ ಮತ್ತೆ ಮೈಕಿಗೆ ಹೊಕ್ಕು ‘ಕುಂಯ್’ ಎನ್ನುತ್ತದೆ. ಆಗ ದೂರ ಸರಿಯಿರಿ, ಇಲ್ಲವೇ ಸೌಂಡ್ ತಗ್ಗಿಸಲು ಹೇಳಿ. ಸ್ಪೀಕರನ್ನು ಕೂತವರ ತಲೆಗಿಂತ ಎತ್ತರದಲ್ಲಿಡಿ. ಮಳೆಗಾಲದಲ್ಲಿ ಕರೆಂಟಿನ ಭರವಸೆಯಿಲ್ಲ, ಹಿಂದಿನ ರಾತ್ರಿಯೇ ಚಾರ್ಜ್ ಮಾಡಿಸಿ. ಆದರೂ ಕೇಳಿಸಲಿಲ್ಲವೇ? ಕೈ ಎತ್ತುವ ಮೊದಲೇ ‘ಇನ್ನೊಮ್ಮೆ ಓದಿ’ ಎನ್ನಿ.