೨೦೨೩ರ ಶಿಕಾಗೊ ಮೇಯರ್ ಚುನಾವಣೆ

೨೦೨೩ರ ಶಿಕಾಗೊ ಮೇಯರ್ ಚುನಾವಣೆಯು ಅಮೇರಿಕ ಸಂಯುಕ್ತ ಸಂಸ್ಥಾನದ ಇಲಿನಾಯ್ ರಾಜ್ಯದ ಶಿಕಾಗೊ ನಗರದಲ್ಲಿ ಎರಡು ಸುತ್ತುಗಳಲ್ಲಿ ನಡೆದ ಪಕ್ಷರಹಿತ ಚುನಾವಣೆ. ಮೊದಲ ಸುತ್ತಿನ ಮತದಾನ ಫೆಬ್ರವರಿ ೨೮ರಂದು, ಅಂತಿಮ ಸುತ್ತಿನದು ಏಪ್ರಿಲ್ ೪ರಂದು ನಡೆಯಿತು. ವಿಜೇತ ಬ್ರಾಂಡನ್ ಜಾನ್ಸನ್ ಮೇ ೧೫ರಂದು ಅಧಿಕಾರ ವಹಿಸಿಕೊಂಡರು.

ಚುನಾವಣಾ ಪದ್ಧತಿ

ಈ ನಗರದಲ್ಲಿ ಮತದಾರರೇ ಮೇಯರ್ ಅವರನ್ನು ನೇರವಾಗಿ ಆರಿಸುತ್ತಾರೆ. ೧೯೯೫ರ ರಾಜ್ಯ ಕಾನೂನಿನ ಅನ್ವಯ ೧೯೯೯ರಿಂದ ಮತಪತ್ರದಲ್ಲಿ ಅಭ್ಯರ್ಥಿಗಳ ಪಕ್ಷವನ್ನು ನಮೂದಿಸುವುದಿಲ್ಲ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತಗಳು ದೊರೆಯದಿದ್ದರೆ, ಮೊದಲ ಎರಡು ಸ್ಥಾನ ಗಳಿಸಿದವರ ನಡುವೆ ಮರುಮತದಾನ ನಡೆಯುತ್ತದೆ.

ಫಲಿತಾಂಶ

ಮೊದಲ ಸುತ್ತಿನ ಒಂಬತ್ತು ಅಭ್ಯರ್ಥಿಗಳಲ್ಲಿ ಪಾಲ್ ವ್ಯಾಲಸ್ ಸುಮಾರು ಶೇ. ೩೩, ಜಾನ್ಸನ್ ಸುಮಾರು ಶೇ. ೨೨ ಮತಗಳನ್ನು ಪಡೆದರು. ಅಧಿಕಾರದಲ್ಲಿದ್ದ ಮೇಯರ್ ಲೋರಿ ಲೈಟ್‌ಫುಟ್ ಸುಮಾರು ಶೇ. ೧೭ ಮತಗಳೊಂದಿಗೆ ಮೂರನೆಯ ಸ್ಥಾನಕ್ಕಿಳಿದು ಕಣದಿಂದ ಹೊರಬಿದ್ದರು. ಅಂತಿಮ ಸುತ್ತಿನ ಇಬ್ಬರೂ ಡೆಮಾಕ್ರಟಿಕ್ ಪಕ್ಷದೊಡನೆ ಗುರುತಿಸಿಕೊಂಡಿದ್ದರೂ, ಅಪರಾಧ ನಿಯಂತ್ರಣದ ಬಗ್ಗೆ ಅವರ ನಿಲುವುಗಳು ಭಿನ್ನವಾಗಿದ್ದವು. ವ್ಯಾಲಸ್ ಅವರನ್ನು ಪೊಲೀಸರ ಸಂಘವೂ ಜಾನ್ಸನ್ ಅವರನ್ನು ಶಿಕ್ಷಕರ ಸಂಘವೂ ಬೆಂಬಲಿಸಿದವು. ಮೊದಲ ಸುತ್ತಿನಲ್ಲಿ ಹಿಂದಿದ್ದ ಜಾನ್ಸನ್, ಅಂತಿಮ ಸುತ್ತಿನಲ್ಲಿ ಸುಮಾರು ಶೇ. ೫೨ ಮತಗಳನ್ನು ಗಳಿಸಿ ಗೆದ್ದರು.