ಸೆರಗು ಸಿಕ್ಕಿಸಿ ಸ್ವಿಂಗ್

ಇಂಗ್ಲೆಂಡಿನ ಬೆಡ್‌ಫರ್ಡ್ ಊರಾಚೆ ಟ್ವಿನ್‌ವುಡ್ ಎಂಬ ಹಳೆಯ ವಿಮಾನನೆಲೆಯಿದೆ. ಅಮೆರಿಕದ ಸೈನಿಕರನ್ನೆಲ್ಲ ತನ್ನ ಬ್ಯಾಂಡಿನಿಂದ ಕುಣಿಸುತ್ತಿದ್ದ ಗ್ಲೆನ್ ಮಿಲ್ಲರ್ 1944ರ ಡಿಸೆಂಬರ್ 15ರಂದು ಪ್ಯಾರಿಸ್ಸಿಗೆಂದು ಪುಟ್ಟ ವಿಮಾನ ಹತ್ತಿದ್ದು ಇಲ್ಲಿಂದಲೇ. ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ವಿಮಾನದ ಸಮೇತ ಕಾಣೆಯಾದರು. ಆ ಜಾಗದಲ್ಲಿ ಆಗಸ್ಟ್ ಕೊನೆಯ ರಜೆಗೆ ಸಂಗೀತೋತ್ಸವ ನಡೆಸುತ್ತ ಬಂದಿದ್ದಾರೆ: ನಲವತ್ತು, ಐವತ್ತರ ದಶಕದ ಹಾಡು, ಉಡುಪು, ಕುಣಿತ.

ಮಗಳ ಬಾಣಂತನಕ್ಕೆ ಹೋದವಳಿಗೆ ಅಲ್ಲೇನು ಕೆಲಸ ಅಂತೀರಾ? ಅಳಿಯಂದಿರಿಗೆ ಇದರ ಹುಚ್ಚು. "ಬನ್ನಿ ಅತ್ತೆ, ನಿಮ್ಮ ಸೀರೆನೂ ಹಳೇ ಕಾಲದ್ದೇ ಅಲ್ವಾ" ಅಂದರು. ಮೊಮ್ಮಗಳ ಕಿವಿಗೆ ಸದ್ದು ತಡೆಯುವ ದಪ್ಪ ಮುಚ್ಚಳ ಹಾಕಿ ಹೊರಟೆವು.

ಅಲ್ಲಿ ಹೊಸಬರಿಗೆ ಕಲಿಸುತ್ತಿದ್ದದ್ದು ಲಿಂಡಿ ಹಾಪ್, ಸ್ವಿಂಗ್ ಸಂಗೀತಕ್ಕೆ ಕುಣಿಯುವ ಜೋಡಿ ಕುಣಿತ. ಎಂಟು ಎಣಿಕೆಯ ವರಸೆ. ಆದಿತಾಳ ಹಾಕಿ ಬೆಳೆದವಳಿಗೆ ಎಂಟೆಂದರೆ ಏನು ಮಹಾ! ಆದರೆ ಇಲ್ಲಿ ಚಪ್ಪಾಳೆ ಬೀಳುವುದು ಒಂದಕ್ಕಲ್ಲ, ಎರಡಕ್ಕೆ, ನಾಲ್ಕಕ್ಕೆ. ಒಂದೊಂದು ಎಣಿಕೆಯನ್ನೂ ಸಮನಾಗಿ ಹೋಳು ಮಾಡುವುದಿಲ್ಲ. ಮೊದಲ ಭಾಗ ಉದ್ದ, ಎರಡನೆಯದು ಗಿಡ್ಡ. ಸ್ವಿಂಗ್‌ನ ಮಜಾ ಇರುವುದೇ ಈ ಹೆಚ್ಚುಕಮ್ಮಿಯಲ್ಲಿ. ಅದನ್ನು ಮೊಣಕಾಲಿಗೆ ಇಳಿಸಬೇಕು. ಕೈಯನ್ನು ಬಿಗಿಯಾಗಿ ಹಿಡಿಯುವ ಹಾಗಿಲ್ಲ. ಬೆರಳಿಗೆ ಬೆರಳು ಕೊಂಡಿಯಷ್ಟೇ. ಎದುರಿನವರ ಎಳೆತ ಬೆರಳ ತುದಿಯಲ್ಲೇ ಗೊತ್ತಾಗುತ್ತದೆ, ಕಾಲು ತಾನಾಗಿ ಆ ಕಡೆ ಹೋಗುತ್ತದೆ. ನನ್ನ ರಬ್ಬರ್ ಅಟ್ಟೆಯ ಶೂ ನೋಡಿ ಕಲಿಸುವಾಕೆ ತಲೆಯಾಡಿಸಿದರು. ರಬ್ಬರ್ ನೆಲಕ್ಕೆ ಕಚ್ಚಿಕೊಳ್ಳುತ್ತದೆ, ದೇಹ ತಿರುಗಿದರೂ ಪಾದ ತಿರುಗುವುದಿಲ್ಲ, ಪೆಟ್ಟು ಮಂಡಿಗೆ. ಮಗಳ ಚರ್ಮದ ಅಟ್ಟೆಯ ಶೂ ಹಾಕಿಕೊಂಡೆ. ಸೆರಗು ಸೊಂಟಕ್ಕೆ, ನೆರಿಗೆ ಒಂದಿಷ್ಟು ಮೇಲಕ್ಕೆ.

ಎಲ್ಲೆಲ್ಲೂ ಯುದ್ಧಕಾಲದ ಸಮವಸ್ತ್ರ. ಅದನ್ನು ನೋಡಿ ಇದು ಬಿಳಿಯ ಸೈನಿಕರ ಕುಣಿತ ಅಂದುಕೊಂಡುಬಿಡಬಹುದು. ಅಲ್ಲ. ಇದನ್ನು ಕಟ್ಟಿದವರು ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಜನ. ಅಲ್ಲಿ 1926ರಲ್ಲಿ ತೆರೆದ ಸವಾಯ್ ಬಾಲ್‌ರೂಮಿನಲ್ಲಿ ಕರಿಯರೂ ಬಿಳಿಯರೂ ಒಂದೇ ನೆಲದ ಮೇಲೆ ಕುಣಿಯುತ್ತಿದ್ದರು. ಯುದ್ಧಕ್ಕೆ ಬಂದ ಅಮೆರಿಕದ ಸೇನೆ ಮಾತ್ರ ಇಬ್ಬರನ್ನೂ ಬೇರೆ ಬೇರೆ ಇಟ್ಟಿತ್ತು. ಜೊತೆಗಾತಿಯನ್ನು ಬೆನ್ನ ಮೇಲಿಂದ ಉರುಳಿಸಿ ಇಳಿಸುವ ಪಟ್ಟನ್ನು 1935ರಲ್ಲಿ ಸವಾಯ್‌ನಲ್ಲಿ ತೋರಿಸಿದ ಫ್ರಾಂಕಿ ಮ್ಯಾನಿಂಗ್, ಸ್ವಿಂಗ್ ಕಾಲ ಮುಗಿದ ಮೇಲೆ ದಶಕಗಳ ಕಾಲ ಅಂಚೆ ಇಲಾಖೆಯಲ್ಲಿ ದುಡಿದರು. ಎಂಬತ್ತರ ದಶಕದಲ್ಲಿ ಎಳೆಯರು ಹುಡುಕಿಕೊಂಡು ಬಂದರು. ಆಗ ಮತ್ತೆ ಕಲಿಸಲು ನಿಂತವರು ತೊಂಬತ್ತು ದಾಟಿದರೂ ಬಿಡಲಿಲ್ಲ. 2009ರಲ್ಲಿ ತೀರಿಕೊಂಡರು. ನನ್ನ ಕೇಳಿದರೆ, ಮಿಲ್ಲರ್ ಜೊತೆಗೆ ಇವರ ಹೆಸರನ್ನೂ ಹೇಳದೆ ಈ ಪಾಠ ಶುರು ಮಾಡಬಾರದು.

ಸಂಜೆ ಬ್ಯಾಂಡು ಮಿಲ್ಲರ್‌ರ 'ಇನ್ ದ ಮೂಡ್' ಎತ್ತಿಕೊಂಡಿತು. ಟೈ ಕಟ್ಟಿದ್ದ ಮುದುಕರೊಬ್ಬರು ಬಂದು ಕೈ ಚಾಚಿದರು. ಈ ಹಾಡಿನದ್ದೊಂದು ಕಿತಾಪತಿ ಇದೆ. ಕೊನೆಗೆ ಬಂತು ಅನ್ನುವಾಗ ಅದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತ, ಪ್ರತಿಸಲ ಸದ್ದು ಇಳಿಸುತ್ತಾರೆ. ಕುಣಿಯುವವರೂ ಮಂಡಿ ಮಡಿಸುತ್ತ ತಗ್ಗುತ್ತಾರೆ. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಅಷ್ಟೂ ವಾದ್ಯಗಳು ಒಮ್ಮೆಲೇ ಕಿರುಚುತ್ತವೆ, ಎಲ್ಲರೂ ಎದ್ದು ಜಿಗಿಯಬೇಕು. ಮುದುಕರು ಸಲೀಸಾಗಿ ಎದ್ದರು. ನಾನು ಅವರ ತೋಳು ಹಿಡಿದು ಎದ್ದೆ.

ಒಬ್ಬರ ಜೊತೆ ಒಂದೋ ಎರಡೋ ಹಾಡು, ಆಮೇಲೆ ಥ್ಯಾಂಕ್ಸ್ ಹೇಳಿ ಜೋಡಿ ಬದಲಿಸುವುದು ಅಲ್ಲಿನ ರೂಢಿ. ನನ್ನ ಪಾಲಿಗೆ ಬಂದದ್ದು ಕಾಲೇಜು ಹುಡುಗ. ಪಾಪ, ಅವನಿಗಿಂತ ನನಗೇ ಚೆನ್ನಾಗಿ ಬರುತ್ತಿತ್ತು.