ಎರಡು ಕೊಳವೆ, ಮೇಲೊಂದು ಜಗಲಿ

ಅಮೆರಿಕದ ಮಿನ್ನೆಸೋಟಾ ಸರೋವರಗಳ ನಾಡು. ಅಲ್ಲಿನ ವಾಹನಗಳ ನಂಬರ್ ಪ್ಲೇಟಿನಲ್ಲೂ ‘10,000 ಸರೋವರಗಳು’ ಎಂಬ ಬರಹ ಕಾಣುತ್ತದೆ. ಆ ರಾಜ್ಯದ ರಿಚ್ಮಂಡ್ ಊರಿನ ರೈತ ಆಂಬ್ರೋಸ್ ವೀರ್ಸ್ 1952ರಲ್ಲಿ ಉಕ್ಕಿನ ಪೀಪಾಯಿಗಳನ್ನು ತುದಿಗೆ ತುದಿ ಬೆಸೆದು ಎರಡು ಸಾಲು ಮಾಡಿದರು. ಮೇಲೆ ಮರದ ಹಲಗೆ ಹಾಸಿ ನೀರಿಗಿಳಿಸಿದರು. ಇಂದಿನ ಪೊಂಟೂನ್ ದೋಣಿಗೆ ಅದೇ ಮೂಲ. ಮಾಮೂಲಿ ದೋಣಿಯ ಹೊಟ್ಟೆಯೊಳಗೆ ಜನ ಇಳಿದು ಕೂರಬೇಕು. ಇಲ್ಲಿ ಜಗಲಿಯ ಮೇಲೆ ಕೂತ ಹಾಗೆ ಮನೆಮಂದಿಯೆಲ್ಲ ಕಾಲು ಚಾಚಿ ಕೂರಬಹುದು.

ಪೀಪಾಯಿ ಸಾಲಿನ ಜಾಗಕ್ಕೆ ಈಗ ಉದ್ದನೆಯ ಕೊಳವೆಗಳು ಬಂದಿವೆ. ಕೊಳವೆಯೊಳಗಿನ ಗಾಳಿಯೇ ದೋಣಿಯನ್ನು ಎತ್ತಿ ಹಿಡಿಯುತ್ತದೆಂಬ ನಂಬಿಕೆಯುಂಟು. ನಿಜಕ್ಕೂ ಎತ್ತುವುದು ನೀರು. ಕೊಳವೆ ಎಷ್ಟು ನೀರನ್ನು ಸರಿಸುತ್ತದೆಯೋ ಅಷ್ಟು ನೀರಿನ ತೂಕಕ್ಕೆ ಸಮನಾದ ಬಲ ಅದನ್ನು ಮೇಲಕ್ಕೆ ದೂಡುತ್ತದೆ. ಆರ್ಕಿಮಿಡೀಸನ ಈ ಸೂತ್ರವನ್ನು ಲೆಕ್ಕಕ್ಕಿಳಿಸೋಣ. 64 ಸೆಂ.ಮೀ. ವ್ಯಾಸದ, 6 ಮೀಟರ್ ಉದ್ದದ ಕೊಳವೆ ಪೂರ್ತಿ ಮುಳುಗಿದರೆ ಸುಮಾರು 1,900 ಕೆ.ಜಿ. ನೀರು ಸರಿಯುತ್ತದೆ. ಎರಡು ಕೊಳವೆಗಳು ಅರ್ಧರ್ಧ ಮುಳುಗಿದಾಗಲೂ ಸರಿಯುವ ನೀರು ಅಷ್ಟೇ. ದೋಣಿಯ ಸ್ವಂತ ತೂಕ ಒಂದು ಟನ್ ಎಂದಿಟ್ಟುಕೊಂಡರೆ, ಜನಕ್ಕೂ ಇಂಧನಕ್ಕೂ ಉಳಿಯುವುದು 900 ಕೆ.ಜಿ. ಮೇಲಿನರ್ಧ ಕೊಳವೆ ಆಪತ್ತಿಗೆಂದು ಇಟ್ಟ ಕಾಪು.

ಆ ಕಾಪು ಕೆಲಸ ಮಾಡುವುದು ಜನ ಒಂದು ಬದಿಗೆ ಸೇರಿದಾಗ. ಭಾರ ಬಿದ್ದ ಕಡೆಯ ಕೊಳವೆ ಇನ್ನಷ್ಟು ಮುಳುಗುತ್ತದೆ. ಮುಳುಗಿದಷ್ಟೂ ನೀರಿನ ಒತ್ತು ಹೆಚ್ಚಿ, ದೋಣಿ ವಾಲದಂತೆ ತಡೆಯುತ್ತದೆ. ಎರಡು ಕೊಳವೆಗಳ ನಡುವಿನ ಅಂತರ ಹೆಚ್ಚಿದಷ್ಟೂ ಸ್ಥಿರತೆ ಹೆಚ್ಚು. ಆದರೆ ಎಲ್ಲರೂ ಮುಂತುದಿಗೆ ನುಗ್ಗಿದರೆ ಮೂತಿ ನೀರಿಗೆ ಹೊಕ್ಕು, ಜಗಲಿಯ ಮೇಲೇ ಅಲೆ ಹರಿಯುತ್ತದೆ.

ಕಟ್ಟುವ ಕೆಲಸದಲ್ಲಿ ಬೆಸುಗೆಯೇ ಪ್ರಧಾನ. ಉಕ್ಕು ತುಕ್ಕು ಹಿಡಿಯುವುದರಿಂದ ಈಗ ಅಲ್ಯೂಮಿನಿಯಂ ಬಳಕೆಗೆ ಬಂದಿದೆ. ಎರಡು-ಮೂರು ಮಿ.ಮೀ. ದಪ್ಪದ ತಗಡನ್ನು ಯಂತ್ರದಲ್ಲಿ ಸುರುಳಿ ಸುತ್ತಿ, ಅಂಚು ಬೆಸೆದು, ಮುಂದೆ ಚೂಪು ಮೂತಿ ಕೂರಿಸುತ್ತಾರೆ. ಕೊಳವೆಯೊಳಗೆ ಅಡ್ಡಗೋಡೆಗಳಿಟ್ಟು ಪ್ರತ್ಯೇಕ ಕೋಣೆಗಳನ್ನು ಮಾಡುವುದು ವಾಡಿಕೆ. ಬಂಡೆ ತಾಗಿ ಒಂದು ಕೋಣೆ ತೂತಾದರೂ ಉಳಿದವು ದೋಣಿಯನ್ನು ಹೊರುತ್ತವೆ. ಬಳಿಕ ಗಾಳಿ ತುಂಬಿ ಸೋರಿಕೆಯಿದೆಯೇ ಎಂದು ಪರೀಕ್ಷೆ. ಆಮೇಲೆ ಅಡ್ಡತೊಲೆ, ಪ್ಲೈವುಡ್ ಹಾಸು, ಕಟಕಟೆ, ಆಸನ, ಮೇಲ್ಮರೆ. ಹಿಂಬದಿಗೆ ಔಟ್‌ಬೋರ್ಡ್ ಮೋಟಾರ್. ದೊಡ್ಡ ಎಂಜಿನ್ ಬೇಕೆಂದವರು ನಡುವೆ ಮೂರನೆಯ ಕೊಳವೆ ಸೇರಿಸುತ್ತಾರೆ.

ಈ ವಿನ್ಯಾಸ ಒಗ್ಗುವುದು ಅಬ್ಬರವಿಲ್ಲದ ನೀರಿಗೆ. ತೇಲುವ ಸಾಧನಗಳ ಮಿತಿ ಕನ್ನಡ ಕರಾವಳಿಗೂ ಗೊತ್ತು. 2022ರ ಮೇ ತಿಂಗಳಲ್ಲಿ ಮಲ್ಪೆಯ ಕಡಲತೀರದಲ್ಲಿ ಆರಂಭವಾದ ತೇಲುಸೇತುವೆ ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಹಾನಿಗೊಂಡಿತು. ಭಾರ ಹೊರುವ ಲೆಕ್ಕ ಕೆರೆಗೂ ಕಡಲಿಗೂ ಹೆಚ್ಚುಕಡಿಮೆ ಒಂದೇ. ಅಲೆಯ ಲೆಕ್ಕ ಬೇರೆಯೇ.